ಬೆಂಗಳೂರಿನಿಂದ ಕನ್ಯಾಕುಮಾರಿಗೆ ಸೈಕಲ್: ಮೊದಲ ದಿನ, ಸೇಲಂವರೆಗೆ

ಕನ್ಯಾಕುಮಾರಿಗೆ ಹೊರಟವರಿಗೆ ಮೊದಲ ದಿನದ ನಿಲುಗಡೆ ಸಾಮಾನ್ಯವಾಗಿ ಸೇಲಂ. ಸಿಲ್ಕ್ ಬೋರ್ಡ್‌ನಿಂದ ಲೆಕ್ಕ ಹಾಕಿದರೆ ಹತ್ತಿರ ಹತ್ತಿರ 200 ಕಿ.ಮೀ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಸೇಲಂ 300ಕ್ಕೂ ಕೆಳಗೆ. ನಡುವೆ ಏರುಗಳಿದ್ದರೂ ಒಟ್ಟಾರೆ ಇಳಿಜಾರೇ. ಗಂಟೆಗೆ 30 ಕಿ.ಮೀ. ಸಲೀಸಾಗಿ ಬರುತ್ತದೆ, ಕಾಲು ನೋಯುವುದಿಲ್ಲ, ಹಸಿವೂ ತಿಳಿಯುವುದಿಲ್ಲ. ಮೊದಲ ದಿನ ಹೀಗೆ ಹಾರಿಸಿಕೊಂಡು ಹೋದವರು ಎರಡನೇ ದಿನ ಕರೂರು ದಾಟುವಷ್ಟರಲ್ಲಿ ಸುಸ್ತಾಗಿ ಕೂರುತ್ತಾರೆ. ಅದಕ್ಕೇ ಈ ದಿನದ ಲಗಾಮನ್ನು ನಾವು ಜೊತೆಗೆ ಬರುವ ಗಾಡಿಯಲ್ಲಿರುವವರ ಕೈಗೆ ಕೊಡುತ್ತೇವೆ.

ನಾಲ್ಕು ಸೈಕಲ್‌ಗಳಿಗೆ ಒಂದು ಇನ್ನೋವಾ, ಮೂರು ಜನ ಸಾಕು: ಚಾಲಕ, ಊಟ-ನೀರಿನವರು, ರಿಪೇರಿ ಬಲ್ಲವರು. ಹಳದಿ ಬೋರ್ಡಿನ ಗಾಡಿಯಾದರೆ ತಮಿಳುನಾಡಿನ ಪರ್ಮಿಟ್ ವಿಚಾರ ಹಿಂದಿನ ದಿನವೇ ಮುಗಿಸಿಬಿಡಿ. ಇಲ್ಲದಿದ್ದರೆ ಅತ್ತಿಬೆಲೆಯಲ್ಲಿ ಗಾಡಿ ನಿಂತಿರುತ್ತದೆ, ಸೈಕಲ್‌ಗಳು ಹೊಸೂರು ದಾಟಿರುತ್ತವೆ.

ಹೊರಡುವುದು ಬೆಳಗಿನ 5ಕ್ಕೆ, ಎಲೆಕ್ಟ್ರಾನಿಕ್ ಸಿಟಿಯ ಎಲಿವೇಟೆಡ್ ರಸ್ತೆ ಹತ್ತದೆ ಕೆಳರಸ್ತೆಯಲ್ಲೇ. ಬೆಳಕು ಹರಿಯುವವರೆಗೆ ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ, ಮೈಮೇಲೆ ಹೊಳೆಯುವ ಜಾಕೆಟ್. ಗಾಡಿ ಸೈಕಲ್ ಹಿಂದೆಯೇ ನಿಧಾನವಾಗಿ ಬರಲಿ ಎಂದು ಮನೆಯವರು ಹೇಳುತ್ತಾರೆ. ಹೆದ್ದಾರಿಯಲ್ಲಿ ಅದರಷ್ಟು ಅಪಾಯದ ಕೆಲಸ ಬೇರೊಂದಿಲ್ಲ. 80ರಲ್ಲಿ ಬರುವ ಲಾರಿಯವನಿಗೆ ಮುಂದಿನ ಗಾಡಿ 25ರಲ್ಲಿ ಹೋಗುತ್ತಿದೆ ಎಂದು ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ. ನಮ್ಮದು 20 ಕಿ.ಮೀ. ಮುಂದೆ ಹೋಗಿ ಕಾಯುವ ಕ್ರಮ. ಪೆಟ್ರೋಲ್ ಬಂಕ್ ಸಿಕ್ಕರೆ ಒಳ್ಳೆಯದು. ಫ್ಲೈಓವರ್‌ಗೆ ಮೊದಲು ನಿಲ್ಲಿಸಬೇಡಿ, ದಾಟಿದ ಮೇಲೆ ನಿಲ್ಲಿಸಿ. ಮೊದಲೇ ನಿಂತರೆ ಸರ್ವಿಸ್ ರಸ್ತೆಗೆ ತಿರುಗುವ ವಾಹನಗಳ ನಡುವೆ ಸೈಕಲ್ ಸಿಕ್ಕಿಕೊಳ್ಳುತ್ತದೆ.

ನಿಂತಾಗ "ಹೇಗಿದ್ದೀರಿ?" ಎಂದು ಕೇಳಿ ಉಪಯೋಗವಿಲ್ಲ. ಮೊದಲ ದಿನ ಎಲ್ಲರೂ "ಸೂಪರ್" ಎಂದೇ ಹೇಳುತ್ತಾರೆ. "ಬಾಟಲಿ ಎಷ್ಟು ಖಾಲಿಯಾಯ್ತು? ಏನು ತಿಂದ್ರಿ?" ಎಂದು ಕೇಳಿ, ಒಬ್ಬೊಬ್ಬರದೂ ಪುಸ್ತಕದಲ್ಲಿ ಬರೆದಿಡಿ. ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್ ನೀರು ಹೋಗಬೇಕು. ಎರಡು ಬಾಟಲಿಗಳಲ್ಲಿ ಒಂದರಲ್ಲಿ ಓಆರ್‌ಎಸ್, ಇನ್ನೊಂದರಲ್ಲಿ ಬರೀ ನೀರು. ಬರೀ ನೀರನ್ನೇ ಲೀಟರ್‌ಗಟ್ಟಲೆ ಕುಡಿದರೆ ರಕ್ತದ ಸೋಡಿಯಂ ಇಳಿದು ತಲೆನೋವು, ವಾಕರಿಕೆ ಶುರುವಾಗುತ್ತದೆ. ಅದನ್ನು ಬಾಯಾರಿಕೆ ಎಂದು ತಪ್ಪು ತಿಳಿದು ಮತ್ತಷ್ಟು ನೀರು ಕೊಡುವವರುಂಟು.

ಓಆರ್‌ಎಸ್ ಕುಡಿದರೆ ಊಟವಾದಂತಲ್ಲ. ಒಂದು ಲೀಟರಿನ ಪ್ಯಾಕೆಟ್‌ನಲ್ಲಿ ಗ್ಲೂಕೋಸ್ ಇರುವುದು 13.5 ಗ್ರಾಂ ಮಾತ್ರ, ಕಾಲಿಗೆ ಬೇಕಾದದ್ದು ಗಂಟೆಗೆ 60 ಗ್ರಾಂ ಹತ್ತಿರದ ಶರ್ಕರಪಿಷ್ಟ (ಕಾರ್ಬೋಹೈಡ್ರೇಟ್). ಮಧ್ಯಮ ಗಾತ್ರದ ಬಾಳೆಹಣ್ಣಿನಲ್ಲಿ 25 ಗ್ರಾಂ ಆಸುಪಾಸು ಸಿಗುತ್ತದೆ. ಉಳಿದದ್ದಕ್ಕೆ ಖರ್ಜೂರ, ಚಿಕ್ಕಿ, ಉಪ್ಪು ಹಾಕಿ ಬೇಯಿಸಿದ ಆಲೂಗೆಡ್ಡೆ. ಹಸಿವಾಗಲಿ ಎಂದು ಕಾಯದೆ ಅರ್ಧ ಗಂಟೆಗೊಮ್ಮೆ ತಿನ್ನಬೇಕು. ಕೃಷ್ಣಗಿರಿ ಹತ್ತಿರ ಇಡ್ಲಿ, ಧರ್ಮಪುರಿ ಹತ್ತಿರ ಮೊಸರನ್ನ. ಅಲ್ಲಿ ಬಾಳೆಎಲೆ ಊಟಕ್ಕೆ ಕೂತರೆ ಮುಂದಿನ ಒಂದು ಗಂಟೆ ಹೋದಂತೆಯೇ.

ಪಂಕ್ಚರ್ ಆಗುವುದು ಬಹುಪಾಲು ಮೊಳೆಯಿಂದಲ್ಲ, ಸಿಡಿದ ಲಾರಿ ಟೈರ್‌ಗಳ ಉಕ್ಕಿನ ತಂತಿಯಿಂದ. ಕೂದಲಿಗಿಂತ ತುಸು ದಪ್ಪ, ಅರ್ಧ ಸೆಂಟಿಮೀಟರ್ ಉದ್ದ. ರಸ್ತೆಯ ಅಂಚಿನ ಕಸದಲ್ಲಿ ಬಿದ್ದಿರುತ್ತದೆ, ನಾವು ಹೋಗುವುದೂ ಅಲ್ಲೇ. ಟ್ಯೂಬ್ ಬದಲಿಸಿ ಗಾಳಿ ತುಂಬಿದರೆ ಐದು ಕಿ.ಮೀ.ಗೆ ಮತ್ತೆ ಪಂಕ್ಚರ್, ಏಕೆಂದರೆ ತಂತಿ ಟೈರಿನಲ್ಲೇ ಉಳಿದಿರುತ್ತದೆ. ಬೆರಳಿಗೆ ಅದು ಸಿಗುವುದಿಲ್ಲ, ಸಿಕ್ಕರೆ ಚುಚ್ಚಿಕೊಂಡೇ ಸಿಗುತ್ತದೆ. ಟೈರಿನ ಒಳಮೈ ಮೇಲೆ ಹತ್ತಿಯ ಉಂಡೆ ಎಳೆಯಿರಿ, ಎಳೆ ಸಿಕ್ಕಿಕೊಂಡ ಕಡೆ ತಂತಿ ಇದೆ. ಹೊರಗಿನಿಂದ ಚಿಮಟದಲ್ಲಿ ಕೀಳಿ. ಹಳೇ ಟ್ಯೂಬಿನ ತೂತನ್ನು ವಾಲ್ವ್‌ನಿಂದ ಅಳೆದು ಟೈರಿನ ಮೇಲೆ ಇಟ್ಟು ನೋಡಿದರೆ ಹುಡುಕುವ ಜಾಗ ಇನ್ನೂ ಚಿಕ್ಕದಾಗುತ್ತದೆ. ತಲೆಗೆ ಮೂರು ಟ್ಯೂಬ್, ಗಾಡಿಯಲ್ಲಿ ನಿಂತು ಹೊಡೆಯುವ ದೊಡ್ಡ ಪಂಪು, ಎರಡು ಟೈರ್, ಚೈನ್ ಲಿಂಕ್, ಬ್ರೇಕ್ ಪ್ಯಾಡ್ ಇರಲಿ. ಹಿಂದಿನ ಗೇರನ್ನು ಫ್ರೇಮಿಗೆ ಹಿಡಿದಿಡುವ ಗೇರ್ ಹ್ಯಾಂಗರ್ ಒಂದೊಂದು ಸೈಕಲ್ಲಿಗೂ ಬೇರೆ ಬೇರೆ, ದಾರಿಯಲ್ಲಿ ಎಲ್ಲೂ ಸಿಗುವುದಿಲ್ಲ, ಅದೂ ಜೊತೆಗಿರಲಿ.

ಧರ್ಮಪುರಿ ಆದ ಮೇಲೆ ತೊಪ್ಪೂರು ಘಾಟ್. ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಸಿ, ಬ್ರೇಕ್ ಕಾದು ಹಿಡಿತ ತಪ್ಪಿದ ಲಾರಿಗಳಿಗೆ ಕುಖ್ಯಾತವಾದ ಇಳಿಜಾರು. ಇಳಿಯುವ ಮೊದಲು ಎಲ್ಲರೂ ಒಂದು ಕಡೆ ಸೇರಿ, ಬ್ರೇಕ್ ಪರೀಕ್ಷಿಸಿ, ಒಬ್ಬೊಬ್ಬರೇ ಅಂತರ ಬಿಟ್ಟು ಇಳಿಯುತ್ತೇವೆ. ಬ್ರೇಕನ್ನು ಉದ್ದಕ್ಕೂ ಒತ್ತಿ ಹಿಡಿಯಬಾರದು. ರಿಮ್ ಬ್ರೇಕ್ ಆದರೆ ರಿಮ್ ಕಾದು ಟ್ಯೂಬ್ ಸಿಡಿಯಬಹುದು. ತಿರುವಿಗೆ ಮೊದಲು ಗಟ್ಟಿಯಾಗಿ ಹಿಡಿದು ಬಿಡಿ, ಮತ್ತೆ ಹಿಡಿಯಿರಿ. ಇಲ್ಲಿ ಲಾರಿಯನ್ನು ಹಿಂದೆ ಹಾಕುವ ಆಸೆ ಬೇಡವೇ ಬೇಡ.

ಸೇಲಂ ಸೇರುವಾಗ ಸಂಜೆ 4 ಅಥವಾ 5. ಮಧ್ಯಾಹ್ನ 2ಕ್ಕೇ ತಲುಪಿದ್ದರೆ ಖುಷಿಪಡಬೇಡಿ. ಅರ್ಧ ಗಂಟೆಯೊಳಗೆ ಊಟ, ಆಮೇಲೆ ಸ್ನಾನ. ಚಡ್ಡಿ ಒಗೆದು ಫ್ಯಾನಿನಡಿ ಹಾಕಿ, ಒದ್ದೆ ಚಡ್ಡಿಯಿಂದ ಆಗುವ ಹುಣ್ಣು ಮೂರನೇ ದಿನ ಕೂರಲು ಬಿಡುವುದಿಲ್ಲ. ಓಆರ್‌ಎಸ್ ಬಾಟಲಿಗಳನ್ನು ಬಿಸಿನೀರಿನಲ್ಲಿ ತೊಳೆಯಿರಿ. ಚೈನ್ ಒರೆಸಿ ಎಣ್ಣೆ ಬಿಟ್ಟು, ಟೈರಿನಲ್ಲಿ ಸಿಕ್ಕ ಗಾಜು-ತಂತಿ ಕೀಳುವುದು ಗಾಡಿಯವರ ಕೆಲಸ. ಆದರೆ ಚಾಲಕನಿಗೆ ಅದನ್ನು ಹಚ್ಚಬೇಡಿ. ಬೆಳಗಿನ 4ಕ್ಕೆ ಎದ್ದು ಮತ್ತೆ ಹನ್ನೆರಡು ಗಂಟೆ ಹೆದ್ದಾರಿಯಲ್ಲಿ ಇರಬೇಕಾದವನು ಅವನು, 8ಕ್ಕೆಲ್ಲ ಮಲಗಲಿ.