ಫಾರಂನಲ್ಲಿ ಜಾತಿ ಯಾಕೆ ಕೇಳಬೇಕಾಯ್ತು

2019ರ ಆಗಸ್ಟ್‌ನಲ್ಲಿ ಕಾವೇರಿ ಉಕ್ಕಿ ಕೊಡಗಿನ ಸಿದ್ದಾಪುರದ ಹತ್ತಿರ ಕರಡಿಗೋಡು, ಗುಹ್ಯ ಕಡೆಯೆಲ್ಲ ನೀರು ನುಗ್ಗಿತಲ್ಲ, ಆಗ ಯುರೋಪಿನ ದುಡ್ಡಲ್ಲಿ ನಡೆಯುವ ಒಂದು ಸಂಸ್ಥೆಯಲ್ಲಿದ್ದೆ. ಪರಿಹಾರದ ಪಟ್ಟಿ ಮಾಡೋದು ನನ್ನ ಕೆಲಸ. ಅಲ್ಲಿಂದ ಬಂದ ಫಾರಂನಲ್ಲಿ ಹೆಂಗಸರೆಷ್ಟು, ಮಕ್ಕಳೆಷ್ಟು, ವಯಸ್ಸಾದವರೆಷ್ಟು ಎಲ್ಲಾ ಇತ್ತು. ಜಾತಿ ಇರಲಿಲ್ಲ. ಜೊತೆಗೆ ಮನೆಯ ದಾಖಲೆ ಬೇಕೇ ಬೇಕು.

ಲೈನ್ ಮನೆಯವರಿಗೆ, ಅಂದರೆ ಕಾಫಿ ತೋಟದ ಸಾಲುಮನೆಗಳಲ್ಲಿರುವ ಕೂಲಿಯವರಿಗೆ, ಎಲ್ಲಿಯ ದಾಖಲೆ? ಮನೆ ತೋಟದವರದ್ದು. ಹೊಳೆ ದಂಡೆಯಲ್ಲಿ ಶೆಡ್ ಹಾಕಿಕೊಂಡವರ ಹತ್ತಿರ ಹಕ್ಕುಪತ್ರ ಇಲ್ಲ. ಮೊದಲ ಪಟ್ಟಿ ಮುಗಿಸಿ ನೋಡಿದರೆ ಇಲ್ಲಿನ ಬುಡಕಟ್ಟಿನವರಾದ ಯರವರ ಹೆಸರು, ದಲಿತ ಕೂಲಿಯವರ ಹೆಸರು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಯಾರೂ ಬೇಕಂತ ಬಿಟ್ಟಿರಲಿಲ್ಲ. ಫಾರಂ ಹೇಳಿದ ಹಾಗೇ ಮಾಡಿದ್ದೆ.

ಅದೇ ದಿನ ಗಂಜಿ ಬಡಿಸುವ ಕಡೆ ಒಬ್ಬರು ಯರವರ ಅಜ್ಜಿ ಬಂದರು. ತಟ್ಟೆ ನೆಲದ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದು ನಿಂತರು. ಹುಡುಗ ಬಗ್ಗಿ ಬಡಿಸಿದ. ಅವನು ಮುಂದೆ ಹೋದ ಮೇಲೇ ತಟ್ಟೆ ಎತ್ತಿಕೊಂಡರು. "ಕೈಯಲ್ಲೇ ಹಿಡೀಬಹುದಲ್ವಾ ಅಜ್ಜಿ?" ಅಂದೆ. "ಅಭ್ಯಾಸ ಮಗಳೇ" ಅಂದರು.

ರಾತ್ರಿ ಕೂತು ದುಡ್ಡು ಕೊಡುವವರಿಗೆ ಉದ್ದದ ಪತ್ರ ಬರೆದೆ. ವಂಶದ ಆಧಾರದ ತಾರತಮ್ಯ ಅಂದರೆ ಅದರಲ್ಲಿ ಜಾತಿಯೂ ಸೇರುತ್ತದೆ ಅಂತ ವಿಶ್ವಸಂಸ್ಥೆಯ ಜನಾಂಗ ತಾರತಮ್ಯ ನಿರ್ಮೂಲನಾ ಸಮಿತಿ 2002ರಲ್ಲೇ ಹೇಳಿದೆ, ಭಾರತ ಸರ್ಕಾರ ಅದನ್ನು ಒಪ್ಪುವುದಿಲ್ಲ ಅನ್ನೋದು ಬೇರೆ ಮಾತು. 2013ರ ಅಕ್ಟೋಬರ್‌ನಲ್ಲಿ ನಿಮ್ಮದೇ ಯುರೋಪಿಯನ್ ಪಾರ್ಲಿಮೆಂಟು ಜಾತಿ ತಾರತಮ್ಯದ ಮೇಲೆ ನಿರ್ಣಯ ಮಾಡಿದೆ, ನೆರವಿನ ಕಾರ್ಯಕ್ರಮಗಳಲ್ಲೂ ಇದನ್ನು ನೋಡಿ ಅಂದಿದೆ, ಹಾಗಾದರೆ ಫಾರಂನಲ್ಲಿ ಯಾಕಿಲ್ಲ ಅಂತ ಕೇಳಿದೆ. ನಿರ್ಣಯ ಅಂದರೆ ಕಾನೂನಲ್ಲ, ಗೊತ್ತು. ಆದರೆ ಅವರ ಮಾತನ್ನೇ ಅವರ ಮುಂದಿಟ್ಟರೆ ತಳ್ಳಿಹಾಕೋದು ಕಷ್ಟ.

ಜಾತಿ ಕೇಳೋದೇ ತಪ್ಪಾಗಲ್ವಾ ಅಂತ ಮೊದಲು ಹಿಂಜರಿದರು. ಇಷ್ಟವಿದ್ದರೆ ಮಾತ್ರ ಹೇಳಲಿ, ಹೆಸರಿನ ಹಾಳೆ ಬೇರೆ ಇಡೋಣ ಅಂದ ಮೇಲೆ ಒಪ್ಪಿದರು. ದಾಖಲೆ ಬದಲು ಅಕ್ಕಪಕ್ಕದ ಇಬ್ಬರು ಹೇಳಿದರೆ ಸಾಕು ಅಂತಾಯ್ತು.

ಇದಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ಇಬ್ಬರು ಯರವ ಹುಡುಗಿಯರನ್ನು ಸಂಬಳ ಕೊಟ್ಟು ಕೆಲಸಕ್ಕೆ ಸೇರಿಸಿಕೊಂಡದ್ದು. ನಾನು ಹೋದರೆ ಜನ ಸುಮ್ನೆ ತಲೆಯಾಡಿಸುತ್ತಿದ್ದರು. ಅವರು ಹೋಗಿ ತಮ್ಮ ಭಾಷೆಯಲ್ಲಿ ಕೇಳಿದರೆ ಅಡುಗೆ ಪಾತ್ರೆ ಕೊಚ್ಚಿಹೋದದ್ದರಿಂದ ಹಿಡಿದು ತೋಟದಲ್ಲಿ ತೀರಿಸಬೇಕಾದ ಮುಂಗಡದವರೆಗೆ ಎಲ್ಲಾ ಹೇಳುತ್ತಿದ್ದರು. ತೋಟದ ಕೆಲಸ ಮುಗಿದ ಮೇಲೆ ಸಂಜೆ ಹೊತ್ತು ಲೈನಿಗೇ ಹೋಗಿ ಪಟ್ಟಿ ಮಾಡಿದೆವು. ಒಂದು ತೋಟದಲ್ಲಿ ಗೇಟೇ ತೆಗೆಯಲಿಲ್ಲ. ಅಲ್ಲಿಯವರ ಹೆಸರನ್ನು ಸಂತೆಯ ದಿನ ರಸ್ತೆ ಬದಿಯಲ್ಲಿ ನಿಂತು ಬರೆದುಕೊಂಡೆವು.