ರೋಟರಿ ಇಂಜಿನ್‌ಗೆ ಹಳೇ ಕಾರ್ಬುರೇಟರ್ ಕೂರಿಸಿದ ನನ್ನ ಅನುಭವ

ಮಜ್ದಾ 12ಎ ಅಂದರೆ ಪಿಸ್ಟನ್ ಬದಲು ಎರಡು ತ್ರಿಕೋನ ರೋಟರ್ ತಿರುಗುವ ರೋಟರಿ ಇಂಜಿನ್. ಅದರದು ಅಂತ ಹೇಳಿ ಮಾರಿದ ಕಾರ್ಬುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ) ಕೈಗೆ ಬಂದರೆ ನಾನು ಮೊದಲು ಎಣಿಸುವುದು ಬಾಯಿಗಳನ್ನು, ಅಂದರೆ ಗಾಳಿ ಒಳಹೋಗುವ ಕೊಳವೆಗಳನ್ನು. ಮೊದಲ ತಲೆಮಾರಿನ ಆರ್‌ಎಕ್ಸ್-7 ಕಾರಿನ ಜೊತೆ ಕಂಪನಿಯಿಂದಲೇ ಬರುತ್ತಿದ್ದ ನಿಕ್ಕಿ ಕಾರ್ಬುರೇಟರ್‌ಗೆ ನಾಲ್ಕು ಬಾಯಿ. ಪೆಟ್ರೋಲ್ ಮಟ್ಟ ನೋಡಲು ಗಾಜಿನ ಕಿಂಡಿಯೂ ಇರುತ್ತದೆ. ನನಗೆ ಸಿಕ್ಕಿದ್ದಕ್ಕೆ ಎರಡೇ ದೊಡ್ಡ ಬಾಯಿ, ನೇರ ಕೆಳಮುಖ. ಜಿಡ್ಡು ಉಜ್ಜಿ ತೆಗೆದ ಮೇಲೆ ವೆಬರ್ 48 ಐಡಿಎ ಅಂತ ಓದಲು ಸಿಕ್ಕಿತು.

ಬಾಯಿಯನ್ನು ತೆರೆದು ಮುಚ್ಚುವ ಥ್ರಾಟಲ್ ತಟ್ಟೆಯ ಹತ್ತಿರ ವರ್ನಿಯರ್ ಹಿಡಿದು ನೋಡಿದೆ, 48 ಮಿ.ಮೀ. ಸರಿಯಾಗಿಯೇ ಬಂತು. ಇದು ಥ್ರಾಟಲ್ ಬಾಯಿಯ ಅಳತೆ, ಬಾಯಿಯೊಳಗೆ ಕೂರುವ ಕಿರಿದಾದ ಭಾಗ ವೆಂಚುರಿಯದ್ದಲ್ಲ. ವೆಂಚುರಿಯನ್ನು ಬಿಚ್ಚಿ ಬೇರೆ ಹಾಕಬಹುದು. ಹಾಗಾಗಿ ಎರಡೂ ಬಾಯಲ್ಲಿ ಒಂದೇ ಅಳತೆಯದು ಇದೆಯಾ ಅಂತ ನೋಡಲೇಬೇಕು. ಜೆಟ್ (ಪೆಟ್ರೋಲ್ ಅಳತೆಯಾಗಿ ಹರಿಯುವ ತೂತಿರುವ ಸಣ್ಣ ಭಾಗ) ವಿಷಯದಲ್ಲಿ ನಂಬರ್ ನಂಬಿ ಕೂರಬಾರದು. ಮೇನ್ ಜೆಟ್ ಮೇಲೆ 150 ಇದ್ದರೆ ತೂತು 1.50 ಮಿ.ಮೀ. ಇರಬೇಕು. ಆದರೆ ಹಿಂದಿನವರು ಡ್ರಿಲ್ ಹಾಕಿ ದೊಡ್ಡದು ಮಾಡಿದ್ದರೆ ನಂಬರ್ ಮಾತ್ರ ಹಳೇದೇ ಉಳಿದಿರುತ್ತದೆ. ಭೂತಗನ್ನಡಿಯಲ್ಲಿ ತೂತಿನ ಅಂಚು ನೋಡಿದರೆ ಕೊರೆದ ಗೆರೆ ಕಾಣುತ್ತದೆ.

ಇಂಜಿನ್ ಮೇಲೆ ಕೂರಿಸುವ ಮೊದಲೇ ಫ್ಲೋಟ್ (ಪೆಟ್ರೋಲ್ ಮೇಲೆ ತೇಲುವ ಡಬ್ಬಿ) ಮತ್ತು ಅದು ಮೇಲೇರಿದಾಗ ಪೆಟ್ರೋಲ್ ತಡೆಯುವ ನೀಡಲ್ ವಾಲ್ವ್ ಪರೀಕ್ಷೆ ಆಗಬೇಕು. ಇದರಲ್ಲಿ ನಾನು ರಾಜಿಯಾಗುವುದಿಲ್ಲ. ರೋಟರಿಯಲ್ಲಿ ಪೆಟ್ರೋಲ್ ಜಾಸ್ತಿ ನುಗ್ಗಿದರೆ ಗೋಡೆಗೆ ಅಂಟಿದ ಆಯಿಲ್ ತೊಳೆದುಹೋಗುತ್ತದೆ. ರೋಟರ್ ಮೂಲೆಗಳಲ್ಲಿರುವ ಅಪೆಕ್ಸ್ ಸೀಲ್‌ಗಳು ಹಿಡಿತ ಕಳೆದುಕೊಂಡು ಕಂಪ್ರೆಶನ್ (ಒಳಗಿನ ಒತ್ತಡ) ಬಿದ್ದುಹೋಗುತ್ತದೆ. ಆಮೇಲೆ ಪ್ಲಗ್ ಬಿಚ್ಚಿ, ಪೆಟ್ರೋಲ್ ನಿಲ್ಲಿಸಿ, ಸ್ವಲ್ಪ ಆಯಿಲ್ ಬಿಟ್ಟು ತಿರುಗಿಸುತ್ತಾ ಕೂರಬೇಕು. ಹಿತ್ತಾಳೆ ಫ್ಲೋಟನ್ನು ಬಿಸಿನೀರಲ್ಲಿ ಮುಳುಗಿಸಿದೆ. ಬೆಸುಗೆಯ ಬಳಿ ಸಣ್ಣ ಗುಳ್ಳೆ ಸಾಲಾಗಿ ಎದ್ದಿತು, ಅಂದರೆ ಅದು ಸೋರುತ್ತಿತ್ತು. ಫ್ಲೋಟ್ ಮತ್ತು ನೀಡಲ್ ಎರಡನ್ನೂ ಹೊಸದು ಹಾಕಿದೆ. ಜೊತೆಗೆ ರೆಗ್ಯುಲೇಟರ್ ಇಟ್ಟು ಪೆಟ್ರೋಲ್ ಒತ್ತಡವನ್ನು 3 ಪಿಎಸ್‌ಐ ಆಸುಪಾಸಿಗೆ ಇಳಿಸಿದೆ. ಒತ್ತಡ ಜಾಸ್ತಿ ಇದ್ದರೆ ಹೊಸ ನೀಡಲ್ ಕೂಡ ತಡೆಯುವುದಿಲ್ಲ.

ಆಯಿಲ್ ಮಾತು ಬಂದಿದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ನಿಕ್ಕಿಗೆ ಆಯಿಲ್ ಪಂಪಿನಿಂದ ಸಣ್ಣ ಪೈಪ್‌ಗಳು ಬರುತ್ತವೆ, ಸೀಲ್‌ಗಳಿಗೆ ಆಯಿಲ್ ಹೋಗುವುದೇ ಹಾಗೆ. ವೆಬರ್‌ನಲ್ಲಿ ಆ ಜಾಗವೇ ಇಲ್ಲ. ನಾನು ಪೆಟ್ರೋಲ್‌ಗೇ ಟೂ ಸ್ಟ್ರೋಕ್ ಆಯಿಲ್ ಬೆರೆಸುತ್ತೇನೆ. ಇದನ್ನು ಮರೆತರೆ ಇಂಜಿನ್ನೇ ಹೋಗುತ್ತದೆ, ಕಾರ್ಬುರೇಟರ್ ಎಷ್ಟು ಚೆನ್ನಾಗಿದ್ದರೂ ಅಷ್ಟೇ.

ಸ್ಟಾರ್ಟ್ ಏನೋ ಆಯಿತು, ಆದರೆ ಐಡಲ್, ಅಂದರೆ ಆಕ್ಸಿಲರೇಟರ್ ಒತ್ತದಿರುವಾಗಿನ ಓಟ, ಸ್ಥಿರವಾಗಿ ನಿಲ್ಲಲಿಲ್ಲ. ಒಂದು ಬಾಯಿಗೆ ಒಂದು ರೋಟರ್ ಆಗಿರುವುದರಿಂದ ತಪ್ಪು ಎಲ್ಲಿದೆ ಅಂತ ಹುಡುಕುವುದು ಸುಲಭ. ಇಂಜಿನ್ ಆಫ್ ಮಾಡಿ, ಒಂದು ರೋಟರ್‌ನ ಎರಡೂ ಪ್ಲಗ್ ವೈರ್ ತೆಗೆದು ಅರ್ತ್ ಮಾಡಿ, ಮತ್ತೆ ಓಡಿಸಿದೆ. ಮುಂದಿನದನ್ನು ತೆಗೆದಾಗ ಇಂಜಿನ್ ನಿಂತೇ ಹೋಯಿತು. ಹಿಂದಿನದನ್ನು ತೆಗೆದರೆ ಸದ್ದು ಒಂಚೂರೂ ಬದಲಾಗಲಿಲ್ಲ. ಐಡಲ್‌ನಲ್ಲಿ ಪೆಟ್ರೋಲ್ ಹೆಚ್ಚು ಕಡಿಮೆ ಮಾಡುವ ಆ ಕಡೆಯ ಮಿಕ್ಸ್ಚರ್ ಸ್ಕ್ರೂ ಎಷ್ಟು ತಿರುಗಿಸಿದರೂ ಪರಿಣಾಮ ಸೊನ್ನೆ.

ಮೊದಲು ಗಾಳಿ ಸೋರಿಕೆ ನೋಡಿದೆ. ತಣ್ಣಗಿನ ಇಂಜಿನ್ ಓಡಿಸಿ, ಗ್ಯಾಸ್ಕೆಟ್ ಸುತ್ತ, ಥ್ರಾಟಲ್ ಶಾಫ್ಟ್ ತುದಿಗಳಿಗೆ ಕ್ಲೀನರ್ ಸ್ಪ್ರೇ ಮಾಡಿದೆ. ಆರ್‌ಪಿಎಂ ಅಲುಗಲಿಲ್ಲ, ಅಂದರೆ ಸೋರಿಕೆ ಇರಲಿಲ್ಲ. ಆಮೇಲೆ ಹಿಂದಿನ ಬಾಯಿಯ ಐಡಲ್ ಜೆಟ್ ಬಿಚ್ಚಿ ಬೆಳಕಿಗೆ ಹಿಡಿದೆ. ತೂತಿನಲ್ಲಿ ಬೆಳಕೇ ಇಲ್ಲ, ಬಿಳಿ ಪುಡಿ ಗಟ್ಟಿಯಾಗಿ ಕೂತಿತ್ತು. ತಂತಿ ಹಾಕಿ ಕೆರೆಯಬೇಡಿ, ತೂತಿನ ಅಳತೆಯೇ ಕೆಡುತ್ತದೆ. ಕ್ಲೀನರ್‌ನಲ್ಲಿ ನೆನೆಸಿಟ್ಟು, ಕಂಪ್ರೆಸರ್ ಗಾಳಿ ಬಿಟ್ಟರೆ ಸಾಕು.

ಅಷ್ಟಾದರೂ ಸ್ಕ್ರೂ ಕೆಲಸ ಮಾಡಲಿಲ್ಲ. ಜೆಟ್ ಕಟ್ಟಿಕೊಂಡಿದ್ದಾಗ ಇಂಜಿನ್ ನಿಲ್ಲದಿರಲಿ ಅಂತ ಯಾರೋ ಐಡಲ್ ಸ್ಕ್ರೂ ಬಿಗಿದು ಥ್ರಾಟಲನ್ನು ಜಾಸ್ತಿ ತೆರೆದಿಟ್ಟಿದ್ದರು. ತಟ್ಟೆಯ ಅಂಚಿನ ಬಳಿ ಇರುವ ಸಣ್ಣ ಪೆಟ್ರೋಲ್ ತೂತುಗಳನ್ನು (ಪ್ರೊಗ್ರೆಶನ್ ತೂತು) ತಟ್ಟೆ ದಾಟಿ ತೆರೆದಿದ್ದರೆ ಪೆಟ್ರೋಲ್ ಆ ದಾರಿಯಲ್ಲೇ ಬರುತ್ತದೆ, ಆಗ ಮಿಕ್ಸ್ಚರ್ ಸ್ಕ್ರೂ ತಿರುಗಿಸಿ ಏನು ಪ್ರಯೋಜನ, ಅಲ್ವಾ? ಐಡಲ್ ಸ್ಕ್ರೂ ಪೂರ್ತಿ ಸಡಿಲಿಸಿ, ಥ್ರಾಟಲ್ ಲಿವರ್ ಮುಟ್ಟುವಷ್ಟಕ್ಕೆ ಬಿಗಿದು, ಅಲ್ಲಿಂದ ಸ್ವಲ್ಪ ಸ್ವಲ್ಪವೇ ಏರಿಸಿದೆ. ಈಗ ಎರಡೂ ಸ್ಕ್ರೂ ಕಾಲು ಸುತ್ತಿಗೇ ಇಂಜಿನ್ ಸದ್ದು ಬದಲಾಯಿಸುತ್ತವೆ.