ಕ್ಯಾಟರ್‌ಬಿಲ್ಲಿನ ಗುರಿ ಅಭ್ಯಾಸ: ರಬ್ಬರ್, ಗುಂಡು, ಹಿಂದೆ ತೂಗುವ ಗೋಣಿ

ಕ್ಯಾಟರ್‌ಬಿಲ್ಲು ಕೊಳ್ಳುವವರು ಮೊದಲು ಕವೆ (ರಬ್ಬರ್ ಕಟ್ಟುವ Y ಆಕಾರದ ಹಿಡಿ) ನೋಡುತ್ತಾರೆ. ನಾನು ಮೊದಲು ಸಿದ್ಧ ಮಾಡಿಕೊಳ್ಳುವುದು ಗುಂಡು ಹೋಗಿ ನಿಲ್ಲುವ ಜಾಗವನ್ನು. ಚಿಕ್ಕಬಳ್ಳಾಪುರದ ಕಡೆ ಎತ್ತ ತಿರುಗಿದರೂ ಕಲ್ಲು: ಬಂಡೆ, ಚಪ್ಪಡಿ ಬೇಲಿ, ದ್ರಾಕ್ಷಿ ಚಪ್ಪರದ ಕಲ್ಲುಕಂಬ. ಉಕ್ಕಿನ ಗುಂಡು ಇವಕ್ಕೆ ತಗುಲಿದರೆ ಎತ್ತ ಚಿಮ್ಮುತ್ತದೋ ಹೇಳಲಾಗದು.

ಇದಕ್ಕೆ ಟೊಮೆಟೊ ಕ್ರೇಟ್ ಸಾಕು. ಬಾಯಿ ನಮ್ಮ ಕಡೆ ಬರುವಂತೆ ಮಗ್ಗುಲಿಗೆ ಮಲಗಿಸಿ, ಒಳಗೆ ಮೇಲಂಚಿನಿಂದ ಎರಡು ಪದರ ಗೋಣಿ ಇಳಿಬಿಡಬೇಕು. ಪದರಗಳ ನಡುವೆ ನಾಲ್ಕು ಬೆರಳು ಅಂತರ ಇರಲಿ, ಕೆಳಗಂಚು ಕಟ್ಟದೆ ಬಿಟ್ಟಿರಲಿ. ತೂಗಾಡುವ ಗೋಣಿ ಗುಂಡಿನ ವೇಗ ಹೀರಿಕೊಂಡು ಕೆಳಕ್ಕೆ ಬೀಳಿಸುತ್ತದೆ. ಬಿಗಿಯಾಗಿ ಕಟ್ಟಿದ್ದು ವಾಪಸ್ ಪುಟಿಸುತ್ತದೆ. ಕ್ರೇಟಿನ ಗಟ್ಟಿ ಅಂಚುಗಳಿಗೂ ಗೋಣಿ ಸುತ್ತಿ. ಗೋಣಿಯ ಮುಂದೆ ದಾರದಲ್ಲಿ ಒಂದು ಪ್ಲಾಸ್ಟಿಕ್ ಮುಚ್ಚಳ ತೂಗುಹಾಕಿದರೆ ಅದೇ ಗುರಿ. ಗಾಜಿನ ಬಾಟಲಿ, ತಗಡಿನ ಡಬ್ಬ ಬೇಡ. ಕ್ರೇಟ್ ತಪ್ಪಿದ ಗುಂಡಿಗೆ ಹಿಂದೆ ಮಣ್ಣಿನ ದಿಬ್ಬ ಇರಲೇಬೇಕು. ದೂರ ಮೊದಲು 5 ಮೀಟರ್, ಕೈ ಕುದುರಿದ ಮೇಲೆ 10.

ಕವೆಗೆ ಸೀಬೆ ಅಥವಾ ಹುಣಸೆ ಒಳ್ಳೆಯದು. ಹಸಿ ಕೊಂಬೆಯ ತುದಿಗಳಿಗೆ ಮೇಣ ಬಳಿದು ಕೆಲವು ವಾರ ನೆರಳಿನಲ್ಲಿ ಒಣಗಿಸದಿದ್ದರೆ ಸೀಳುತ್ತದೆ. ಎರಡು ತುದಿಗಳ ನಡುವೆ, ಹೊರ ಅಂಚಿನಿಂದ ಹೊರ ಅಂಚಿಗೆ, 9 ಸೆಂ.ಮೀ. ಆಸುಪಾಸು ಇದ್ದರೆ ಹಿಡಿಯಲು ಹದ. ಕೊಳ್ಳುವುದಾದರೆ ಅಗ್ಗದ ಎರಕದ ಲೋಹ ಬಿಡಿ. ಒಳಗೆ ಗುಳ್ಳೆಯಿದ್ದರೆ ಎಳೆದಾಗಲೇ ಮುರಿಯಬಹುದು. ಮುಂಗೈಗೆ ಆನಿಸುವ ಕಂಬಿ ಗುರಿ ಅಭ್ಯಾಸಕ್ಕೆ ಬೇಕಿಲ್ಲ. ಅದು ಬೇಕೆನಿಸುವಷ್ಟು ಬಿಗಿ ರಬ್ಬರೇ ತಪ್ಪು ಆಯ್ಕೆ.

ಸೈಕಲ್ ಟ್ಯೂಬ್ ಎಳೆಯಲು ಬಿಗಿ, ಹಿಂದಿರುಗಲು ನಿಧಾನ. ಫಿಸಿಯೋಥೆರಪಿಗೆ ಮಾರುವ ಲ್ಯಾಟೆಕ್ಸ್ ಪಟ್ಟಿ ಎಷ್ಟೋ ವಾಸಿ. ಉದ್ದ ಹೀಗೆ ಲೆಕ್ಕ ಹಾಕಿ: ಕವೆ ಹಿಡಿದ ಕೈ ಚಾಚಿ, ಇನ್ನೊಂದು ಕೈ ಕೆನ್ನೆಮೂಳೆಗೆ ತಂದು, ಮಧ್ಯದ ಅಂತರವನ್ನು 4.5ರಿಂದ ಭಾಗಿಸಿ. 78 ಸೆಂ.ಮೀ. ಬಂದರೆ ಕಟ್ಟಿನಿಂದ ಕಟ್ಟಿಗೆ ಸುಮಾರು 17 ಸೆಂ.ಮೀ. ರಬ್ಬರ್ ಬೇಕು, ಕಟ್ಟಲು ಒಟ್ಟು 3 ಸೆಂ.ಮೀ. ಹೆಚ್ಚಿಗೆ ಬಿಡಿ. 0.5 ಮಿ.ಮೀ. ದಪ್ಪದ ಲ್ಯಾಟೆಕ್ಸ್ ಆದರೆ ಕವೆಯ ಕಡೆ 18, ತೊಗಲಿನ (ಗುಂಡು ಇಟ್ಟು ಹಿಡಿಯುವ ಚರ್ಮದ ತುಂಡು) ಕಡೆ 12 ಮಿ.ಮೀ. ಅಗಲ. ಇದಕ್ಕೆ 8 ಮಿ.ಮೀ. ಉಕ್ಕಿನ ಗುಂಡು (ಸುಮಾರು 2 ಗ್ರಾಂ) ಸರಿಹೊಂದುತ್ತದೆ. ಕತ್ತರಿ ಬೇಡ, ಸ್ಟೀಲ್ ಸ್ಕೇಲ್ ಇಟ್ಟು ಉರುಳು ಬ್ಲೇಡಿನಿಂದ ಒಂದೇ ಎಳೆತಕ್ಕೆ ಕೊಯ್ಯಿರಿ. ಕತ್ತರಿ ನಿಲ್ಲಿಸಿ ಮುಂದುವರಿಸಿದ ಜಾಗದಲ್ಲಿ ಸಣ್ಣ ಕಚ್ಚು ಉಳಿಯುತ್ತದೆ, ರಬ್ಬರ್ ಅಲ್ಲಿಂದಲೇ ಹರಿಯುತ್ತದೆ.

ತೊಗಲಿಗೆ ಹಳೆ ಶೂ ನಾಲಿಗೆಯ ಮೆತ್ತನೆ ಚರ್ಮ, 60 × 15 ಮಿ.ಮೀ. ಸಾಕು. ಮಧ್ಯಕ್ಕೆ ಮಡಚಿ ಎರಡೂ ತೂತು ಒಟ್ಟಿಗೇ ಹೊಡೆಯಬೇಕು. ಒಂದು ತೂತು ಕೊಂಚ ಆಚೀಚೆಯಾದರೂ ಗುಂಡು ಓರೆ ಹೋಗಿ ಕವೆಗೇ ಬಡಿಯುತ್ತದೆ.

ಉಕ್ಕು ಬೇಡವೆಂದರೆ ಕೆರೆಗೋಡಿನ ಉಂಡೆ. ನಮ್ಮ ಕೆಂಪು ಮಣ್ಣಿಗೆ ಮರಳು ಜಾಸ್ತಿ, ಒಣಗಿದರೆ ಉದುರುತ್ತದೆ. ಗೋಡನ್ನು ಜರಡಿ ಹಿಡಿದು ಹರಳು ತೆಗೆದು, ಕಡಲೆಕಾಳಿಗಿಂತ ತುಸು ದಪ್ಪ ಉಂಡೆ ಕಟ್ಟಿ, ಮೊದಲು ನೆರಳಿನಲ್ಲಿ, ಆಮೇಲೆ ಬಿಸಿಲಿನಲ್ಲಿ ಒಣಗಿಸಿ. ಗಟ್ಟಿ ಜಾಗಕ್ಕೆ ಬಡಿದರೆ ಪುಡಿಯಾಗುವುದೇ ಇದರ ಗುಣ. ಆದರೆ ಹಗುರ, ಪಟ್ಟಿಯ ಅಗಲವನ್ನು ಕವೆಯ ಕಡೆ 15, ತೊಗಲಿನ ಕಡೆ 10 ಮಿ.ಮೀ.ಗೆ ಇಳಿಸಿ. ಬಿಗಿ ರಬ್ಬರಿಗೆ ಹಗುರ ಗುಂಡು ಹಾಕಿದರೆ ಮಿಕ್ಕ ಬಲ ವಾಪಸ್ ಬಂದು ಹೆಬ್ಬೆರಳ ಗೆಣ್ಣಿಗೆ ಏಟು ಕೊಡುತ್ತದೆ. ಖಾಲಿ ಎಳೆದು ಬಿಡಬಾರದು ಎನ್ನುವುದೂ ಇದಕ್ಕೇ. ಜಲ್ಲಿ ಚೂರು ಮಾತ್ರ ಹಾಕಲೇಬೇಡಿ, ಗಾಳಿಯಲ್ಲಿ ಅಡ್ಡಾದಿಡ್ಡಿ ತಿರುಗುತ್ತದೆ.

ಕವೆಯನ್ನು ಅಡ್ಡ ಹಿಡಿದು, ತೊಗಲನ್ನು ಪ್ರತಿ ಸಲ ಕೆನ್ನೆಮೂಳೆಯ ಒಂದೇ ಬಿಂದುವಿಗೆ ತಂದು, ಮೇಲಿನ ಪಟ್ಟಿಯ ನೇರದಲ್ಲಿ ಗುರಿ ನೋಡಬೇಕು. ಬೆರಳು ಸುಮ್ಮನೆ ಸಡಿಲಿಸಿ. ಬಿಡುವಾಗ ಮಣಿಕಟ್ಟು ತಿರುಚಿದರೆ ತೊಗಲೂ ತಿರುಗಿ ಗುಂಡು ಕವೆಗೆ ಹೊಡೆಯುತ್ತದೆ. ಪಾಲಿಕಾರ್ಬೊನೇಟ್ ಕನ್ನಡಕ ಮೊದಲು, ಬಿಲ್ಲು ಆಮೇಲೆ: ಕವೆಯ ಕಟ್ಟಿನಲ್ಲಿ ರಬ್ಬರ್ ತುಂಡಾದರೆ ಅದು ಬರುವುದು ನೇರ ಮುಖಕ್ಕೆ. ನೋಡುವವರು ಹೊಡೆಯುವವರ ಬೆನ್ನ ಹಿಂದೆ ನಿಲ್ಲಲಿ. ಹಕ್ಕಿ, ಅಳಿಲು, ಬೀದಿನಾಯಿ ಗುರಿಯಲ್ಲ. ಗಿಳಿ, ನವಿಲಿನಂಥವುಗಳ ಮೇಲೆ ಬಿಟ್ಟರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಕೇಸು.

ರಬ್ಬರ್ ಬಿಸಿಲಿಗೆ ಬೇಗ ಸಾಯುತ್ತದೆ. ಏಪ್ರಿಲ್‌ನಲ್ಲಿ ಬೈಕಿನ ಡಿಕ್ಕಿಯಲ್ಲಿಟ್ಟ ಪಟ್ಟಿಯನ್ನು ನಂಬಬೇಡಿ. ಟಾಲ್ಕಂ ಪೌಡರ್ ಸವರಿ ಕತ್ತಲ ಡಬ್ಬದಲ್ಲಿಡಿ. ಪ್ರತಿ ಸಲ ಶುರುವಿಗೆ ಮುನ್ನ ಅರ್ಧ ಎಳೆದು ಬೆಳಕಿಗೆ ಹಿಡಿದು ತೊಗಲಿನ ಕಟ್ಟಿನ ಅಂಚು ನೋಡಿ, ಮೊದಲ ಕಚ್ಚು ಕಾಣುವುದು ಹೆಚ್ಚಾಗಿ ಅಲ್ಲೇ. ಒಂದು ಬದಿ ಹಾಳಾದರೆ ಎರಡನ್ನೂ ಬದಲಿಸಬೇಕು. ಹಳೆಯದೊಂದು ಹೊಸದೊಂದು ಸಮನಾಗಿ ಎಳೆಯುವುದಿಲ್ಲ.